ಹಮಾಲರ ಬೆನ್ನು ಲಿನೋದಲ್ಲಿ: ಭಾರ ಕಾಣಬೇಕಾದರೆ ಎಲ್ಲಿ ಕೊರೆಯಬೇಕು?

ಗಂಜ್‌ಗಲ್ಲಿ, ರಾಯಚೂರು

ನಮಸ್ಕಾರ್ರಿ ಎಲ್ಲಾರಿಗೂ. ಗಂಜ್ ಮಾರ್ಕೆಟ್ಟಿನ್ಯಾಗ ಭತ್ತದ ಚೀಲ ಹೊರೋ ಹಮಾಲರ ಮೈ ಲಿನೋದಾಗ (ಕೊರೆದು, ಮಸಿ ಹಚ್ಚಿ ಅಚ್ಚು ಒತ್ತೋ ಮೆತ್ತನ ಹಾಳಿ) ತರೋದು ಹೆಂಗ ಅಂತ ಕೇಳೋದದ. ಬ್ಲಾಕ್ 30 × 45 ಸೆಂ.ಮೀ., 3.2 ಮಿ.ಮೀ. ದಪ್ಪದ ಬೂದು ಲಿನೋ, ಒಂದೇ ಬಣ್ಣ ಕಪ್ಪು. ಭಂಗಿ ಹಿಂದಿನ ಪಕ್ಕದಿಂದ ನೋಡಿದ್ದು: 75 ಕೆ.ಜಿ. ಚೀಲ ಕುತ್ತಿಗಿ ಹೆಗಲ ಮ್ಯಾಲ, ಸೊಂಟದಿಂದ ಮುಂದಕ್ಕ ಬಾಗ್ಯಾನ, ಒಂದು ಕೈ ಹಿಂದಕ್ಕ ಹೋಗಿ ಚೀಲದ ಮೂಲಿ ಹಿಡಿದದ. ಪೆನ್ಸಿಲ್ ಚಿತ್ರದಾಗ ಭಾರ ಕಾಣ್ತದ, ಪ್ರೂಫ್ (ಪರೀಕ್ಷೆಗಂತ ಒತ್ತಿದ ಅಚ್ಚು) ತೆಗೆದ್ರ ಬೆನ್ನು ಚಪ್ಪಟಿ. ನೆರಳಿಗಂತ ಕೊರೆದ ಗೆರಿ ಪಟ್ಟಾಪಟ್ಟಿ ಅಂಗಿ ಆಗಿ ಕುಂತಾವ. ಎರಡನೇದು, ಮೈಬಣ್ಣ ಕಪ್ಪು, ಹಿಂದಿನ ಗೋದಾಮಿನ ಬಾಗಲನೂ ಕಪ್ಪು. ಮನಷ್ಯಾ ಅದರಾಗ ಮುಳುಗತಾನ. ಮೂರನೇದು ಬ್ಯಾಸಗಿ. 40 ಡಿಗ್ರಿ ದಾಟಿದ ಮ್ಯಾಲ ಮಸಿ ತೆಳ್ಳಗಾಗಿ ಸಣ್ಣ ಗೆರಿ ಎಲ್ಲಾ ಮುಚ್ಚತದ. ಹೊಸ ಬ್ಲಾಕ್ ಕೊರಿಯಾಕ ಮೊದಲ ತಿಳಿದವರು ಹೇಳ್ರಿ.

ಉಳಿಮೊನೆ, ಬಳ್ಳಾರಿ

ಪಟ್ಟೆ ಯಾಕೆ ಬರ್ತೈತೆ ಅಂದ್ರೆ ಗೆರೆಗಳೆಲ್ಲ ಒಂದೇ ಅಗಲ, ಒಂದೇ ಅಂತರ, ತುದಿಗಳು ಮೊಂಡ. ಪೆನ್ಸಿಲ್ ಹಿಡಿದಾಗ ಬಿಳಿ ಕಾಗದಕ್ಕೆ ನೆರಳು ಹಾಕ್ತೀರಿ. ಲಿನೋದಾಗೆ ಇಡೀ ಬ್ಲಾಕು ಮೊದ್ಲೇ ಕತ್ತಲು, ಕೊರೆದಷ್ಟು ಬೆಳಕು. ನೆರಳಿನ ಜಾಗದಾಗೆ ಗೆರೆ ಹಾಕಿದ್ರೆ ನೆರಳನ್ನೇ ಹಾಳು ಮಾಡಿದಂಗೆ.

ಕಟರ್ ಕೈಗೆ ತಗೊಳ್ಳೋ ಮುಂಚೆ ಬೆಳಕು ಯಾವ ಕಡೆಯಿಂದ ಅಂತ ಬ್ಲಾಕಿನ ಅಂಚಿಗೆ ಮಾರ್ಕರ್‌ನಿಂದ ಒಂದು ಬಾಣ ಹಾಕ್ಕೊಳ್ಳಿ. ಅಚ್ಚಿನಾಗೆ ಎಡ ಬಲ ಅದಲುಬದಲಾಗುತ್ತೆ, ಅದಕ್ಕೆ ಬ್ಲಾಕಿನ ಮೇಲೆ ಚಿತ್ರ ತಿರುಗಾಮುರುಗಾ ಇರೋದ್ರಿಂದ ಬಾಣನೂ ಹಂಗೇ ಇರ್ಬೇಕು. ನೆತ್ತಿ ಬಿಸಿಲು ಆರಿಸ್ಕೊಂಡ್ರೆ ಚೀಲದ ತಲೆ ಮಾತ್ರ ಬಿಳಿ, ಬೆನ್ನೆಲ್ಲ ಮಸಿ. ಬೆಳಗಿನ ಎಂಟರ ಓರೆ ಬಿಸಿಲಿಗೆ ಪಕ್ಕೆಲುಬು, ಬೆನ್ನೆಲುಬಿನ ತಗ್ಗು, ಸೊಂಟದ ಮಡಿಕೆ ಒಂದೊಂದಾಗಿ ಎದ್ದು ಕಾಣ್ತಾವೆ. ಫೋಟೋ ತಗೊಳ್ಳೋದಾದ್ರೆ ಆ ಹೊತ್ತಿಗೇ ತಗೊಳ್ಳಿ, ಫ್ಲ್ಯಾಶ್ ಬೇಡವೇ ಬೇಡ. ಕೇಳಿ ತಗೊಳ್ಳಿ ಅಂತ ಬೇರೆ ಹೇಳ್ಬೇಕಾಗಿಲ್ಲ.

ಆಮೇಲೆ ಬೂದು ಕಾಗದದ ಮೇಲೆ ಬ್ಲಾಕಿನ ಅಳತೆಗೇ ಕಪ್ಪು, ಬಿಳಿ ಪೋಸ್ಟರ್ ಬಣ್ಣದಾಗೆ ಒಂದು ನಕ್ಷೆ ಮಾಡಿ. ಪೂರ್ತಿ ಕಪ್ಪು ಎಲ್ಲಿ ಉಳಿಯುತ್ತೆ, ಪೂರ್ತಿ ಬಿಳಿ ಎಲ್ಲಿ ಹೋಗುತ್ತೆ, ಮಿಕ್ಕಿದ್ದು ಬೂದು. ಗೆರೆ ಹಾಕೋದು ಆ ಬೂದಿನ ಜಾಗದಾಗೆ ಮಾತ್ರ. ಮೈಯ ಮೂರನೇ ಒಂದು ಪಾಲಿಗಿಂತ ಬೂದು ಜಾಸ್ತಿ ಬಂದ್ರೆ ಇನ್ನೊಂದು ನಕ್ಷೆ ಮಾಡಿ, ಬ್ಲಾಕ್ ಮುಟ್ಟಬೇಡಿ.

ಗೆರೆ ಬೆಳಕಿನ ಕಡೆ ಹುಟ್ಟಿ ನೆರಳಿನ ಕಡೆ ಸಾಯ್ಬೇಕು. 2 ಮಿ.ಮೀ. ವಿ ಕಟರನ್ನ (ಮೊನೆ V ಆಕಾರದ್ದು) ಬೆಳಕಿನ ತುದಿಗೆ ಊರಿ, ದೂಡ್ತಾ ಹೋದಂಗೆ ಹಿಡಿಕೆ ತಗ್ಗಿಸಿದ್ರೆ ಮೊನೆ ತಾನಾಗೇ ಮೇಲಕ್ಕೆ ಬರ್ತೈತೆ. ವಿ ಕಟರ್ ಆಳಕ್ಕೆ ಹೋದಷ್ಟೂ ಗೆರೆ ಅಗಲ, ಮೇಲೆ ಬಂದಷ್ಟೂ ಕೂದಲೆಳೆ. ಎರಡು ಗೆರೆ ನಡುವಿನ ಕಪ್ಪು ಅರ್ಧ ಮಿ.ಮೀ.ಗಿಂತ ಕಮ್ಮಿ ಆದ್ರೆ ಐದಾರು ಪ್ರತಿಗೇ ಉದುರುತ್ತೆ. ಕಪ್ಪು ಗೆರೆಯ ಗೋಡೆ ಬುಡಕ್ಕೆ ಹೋದಂಗೆ ದಪ್ಪ ಆಗ್ಬೇಕು. ಕಟರ್ ಪಕ್ಕಕ್ಕೆ ವಾಲಿ ಗೋಡೆಯ ಬುಡ ಟೊಳ್ಳಾದ್ರೆ ಒತ್ತಿದ ಕೂಡ್ಲೆ ಗೆರೆ ಮುರೀತೈತೆ.

ಸೂತ್ರದಾರ, ಕೊಪ್ಪಳ

ಉಳಿಮೊನೆ ಅಣ್ಣಾರು ಹೇಳಿದ್ದು ಖರೆ ಐತಿ, ಆದ್ರ ಗೆರಿ ಯಾವ ದಿಕ್ಕಿಗೆ ಅನ್ನೋದು ಹೇಳಲಿಲ್ಲ. ಬೆನ್ನು ಚಪ್ಪಟಿ ಆಗೂದು ಅಲ್ಲೇ.

ಮೈಯೊಳಗ ಎರಡು ನಮೂನಿ ಗೆರಿ ಬೇಕು. ಒಂದು ಮೈ ಸುತ್ತಿ ಹೋಗೂದು, ಪಕ್ಕಿಯಿಂದ ಹೊಂಟು ಬೆನ್ನೆಲುಬಿನ ತಗ್ಗಿಗೆ ಇಳಿದು ಮತ್ತ ಏರೂದು. ಇದರಿಂದ ಉಬ್ಬು ತಗ್ಗು ತಿಳೀತೈತಿ. ಇನ್ನೊಂದು ಸ್ನಾಯುವಿನ ಉದ್ದಕ್ಕ ಹೋಗೂದು: ಕುತ್ತಿಗಿಯಿಂದ ಹೆಗಲಿಗೆ, ಹೆಗಲಿಂದ ಮೊಣಕೈಗೆ, ಮೊಣಕಾಲ ಹಿಂದಿನ ನರದಾಗ. ಇದರಿಂದ ಬಿಗಿ ತಿಳೀತೈತಿ. ಎಲ್ಲಾ ಕಡೆ ಸುತ್ತು ಗೆರಿ ಹಾಕಿದ್ರ ಮೈ ಉರುಟಾಗತೈತಿ, ಭಾರ ಮಾತ್ರ ಬರೂದಿಲ್ಲ. ಎಲ್ಲಾ ಕಡೆ ಉದ್ದ ಗೆರಿ ಹಾಕಿದ್ರ ಸುಲಿದ ಮೈ ಕಂಡಂಗ ಕಾಣತೈತಿ. ಚೀಲ ಹೊತ್ತವನಿಗೆ ಕುತ್ತಿಗಿ, ಹಿಂದಕ್ಕ ಚಾಚಿದ ತೋಳು, ಮೀನಖಂಡ, ಈ ಮೂರು ಜಾಗದಾಗ ಉದ್ದ ಗೆರಿ. ಪಕ್ಕಿ, ಸೊಂಟ, ತೊಡಿಗೆ ಸುತ್ತು ಗೆರಿ. ಎರಡೂ ಕೂಡೂ ಜಾಗದಾಗ ಏನೂ ಕೊರೀಬ್ಯಾಡ್ರಿ, ಕಪ್ಪು ಬಿಡ್ರಿ.

ಇನ್ನ ಭಾರ. ಚೀಲ, ಮೈ ಎರಡೂ ಕೂಡಿದ ತೂಕದ ನಡುವಿನಿಂದ ನೆಲಕ್ಕ ಒಂದು ತೂಗುಗೆರಿ ಎಳೀರಿ. ಅದು ಪಾದಗಳ ನಡುವ, ಇಲ್ಲಾ ಊರಿದ ಕಾಲಿನ ಮ್ಯಾಲೆ ಬೀಳಬೇಕು. ಪಾದದ ಹಿಂದ ಬಿದ್ರ ಮನಷ್ಯಾ ಅಂಗಾತ ಬೀಳತಾನ ಅನಸತೈತಿ, ಎಷ್ಟು ಚಂದ ಕೊರೆದ್ರೂ ಅಷ್ಟ. ಚೀಲ ಹೆಗಲಿಗೆ ತಾಗೂ ಕಡೆ ಒಂದು ಸಣ್ಣ ಗೆರಿನೂ ಬ್ಯಾಡ, ಗಟ್ಟಿ ಕಪ್ಪು ಇರ್ಲಿ. ಅಲ್ಲಿ ಬಿಳಿ ಬಂದ್ರ ಚೀಲ ಗಾಳಿಯೊಳಗ ನಿಂತಂಗ ಆಗತೈತಿ. ಚೀಲದ ಕೆಳಗಿನ ಅಂಚು ಮೈಯ ಆಕಾರಕ್ಕ ಮಣೀಬೇಕು. ಭತ್ತ ಅದು, ಇಟ್ಟಂಗಿ ಅಲ್ಲ.

ಗಂಜ್‌ಗಲ್ಲಿ, ರಾಯಚೂರು

ಚೀಲದ ಅಂಚು ಸಪಾಟ ಅದ ನೋಡ್ರಿ, ಅದು ಬದಲಿ ಮಾಡತೀನಿ. ಕಪ್ಪಿನ ಮ್ಯಾಲ ಕಪ್ಪು ಮುಳುಗೋದಕ್ಕ? ಮೈ ಸುತ್ತ ಬಿಳಿ ಗೆರಿ ಹಾಕಿದ್ರ ಸಾಕಾ?

ಬಿಳಿಗೆರೆ, ಬಳ್ಳಾರಿ

ಸುತ್ತಲೂ ಒಂದೇ ಸಮ ಬಿಳಿ ಗೆರೆ ಎಳೆದರೆ ಆಕೃತಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಬೆಳಕಿನ ಕಡೆಯ ಅಂಚನ್ನು ಹಿಂದಿನ ಕಪ್ಪಿನ ಎದುರಿಗೆ ಬಿಳಿಯಾಗಿ ಬಿಡಿಸಿ. ನೆರಳಿನ ಕಡೆಗೆ ಬಂದಾಗ ಉಲ್ಟಾ: ಮೈ ಕಪ್ಪಾಗಿಯೇ ಇರಲಿ, ಅದರ ಹಿಂದಿನ ಗೋಡೆಯನ್ನು ಕೊರೆದು ತಿಳಿ ಮಾಡಿ. ಗೋದಾಮಿನ ಬಾಗಿಲು ಒಂದು ಕಡೆ ಮಾತ್ರ ಬರುವಂತೆ ಸ್ವಲ್ಪ ಸರಿಸಿದರೆ ಈ ಅದಲುಬದಲು ಸುಲಭ. ನಡುವೆ ಒಂದೆರಡು ಕಡೆ ಅಂಚು ಕಳೆದುಹೋಗಲಿ, ನೋಡುವವರ ಕಣ್ಣೇ ಅದನ್ನು ತುಂಬಿಕೊಳ್ಳುತ್ತದೆ. ಬಂಗಾಳದ ಚಿತ್ರಕಾರ ನಂದಲಾಲ್ ಬೋಸರು 1930ರಲ್ಲಿ ದಂಡಿಯಾತ್ರೆಯ ಗಾಂಧಿಯನ್ನು ಲಿನೋದಲ್ಲಿ ಕೊರೆದದ್ದು ಕಪ್ಪಿನ ಮೇಲೆ ಬಿಳಿ ಗೆರೆಯಲ್ಲಿ. ಗೆರೆ ಎಲ್ಲಿ ದಪ್ಪ, ಎಲ್ಲಿ ಸಣ್ಣ ಎಂದು ಅದನ್ನು ಮುಂದಿಟ್ಟುಕೊಂಡು ನೋಡಿ.

ಕಪ್ಪು ಚರ್ಮ ತೋರಿಸಲು ಮೈಯೆಲ್ಲ ಕಪ್ಪು ಬಿಟ್ಟು ಕಣ್ಣು, ಹಲ್ಲು ಮಾತ್ರ ಬಿಳಿ ಕೊರೆಯುವ ಚಾಳಿ ಕೆಲವರಿಗಿದೆ. ಮುಖವಾಡವಾಗುತ್ತದೆ, ಅವಮಾನವೂ ಆಗುತ್ತದೆ. ಕಪ್ಪು ಚರ್ಮದ ಮೇಲೆ, ಅದೂ ಬೆವರಿದ್ದರೆ, ಬೆಳಕು ಸಣ್ಣ ಜಾಗದಲ್ಲಿ ತೀಕ್ಷ್ಣವಾಗಿ ಹೊಳೆಯುತ್ತದೆ: ಹಣೆಯ ಉಬ್ಬು, ಕೆನ್ನೆಯ ಮೂಳೆ, ಹೆಗಲ ತುದಿ. ಅಲ್ಲಿ ಪೂರ್ತಿ ಬಿಳಿ, ಅಂಚಿಗೆ ಬಂದ ಕೂಡಲೇ ಕಪ್ಪು, ನಡುವೆ ಬೂದು ಬಹಳ ಕಡಿಮೆ. ಅಮೆರಿಕ ಮೂಲದ ಕಲಾವಿದೆ ಎಲಿಜಬೆತ್ ಕ್ಯಾಟ್ಲೆಟ್ 1952ರಲ್ಲಿ ಮಾಡಿದ ಗೇಣಿ ರೈತ ಮಹಿಳೆಯ ಲಿನೋದಲ್ಲಿ ಕೆನ್ನೆ, ಕುತ್ತಿಗೆಯ ಗೆರೆಗಳನ್ನು ಭೂತಗನ್ನಡಿ ಹಿಡಿದು ನೋಡುವಂತಿದೆ. ಗಿಡ್ಡ ಗೆರೆಗಳು, ಮೂಳೆ ತಿರುಗಿದಂತೆ ದಿಕ್ಕು ಬದಲಿಸುತ್ತಾ ಹೋಗುತ್ತವೆ.

ಕೈಯ ಬಗ್ಗೆ: ಬೆರಳು ಕೊರೆಯಬೇಡಿ, ಬೆರಳಿನ ಮೇಲೆ ಬಿದ್ದ ಬೆಳಕನ್ನಷ್ಟೇ ತೆಗೆಯಿರಿ. ಸಂದುಗಳು ಕಪ್ಪಾಗಿ ಉಳಿದರೆ ಹಿಡಿತ ಬಿಗಿಯಾಗಿ ಕಾಣುತ್ತದೆ. ಉಗುರು ಹೆಬ್ಬೆರಳಿಗೆ ಒಂದು ಸಾಕು. ಮುಷ್ಟಿಯನ್ನು ಅಳತೆಗಿಂತ ತುಸು ದೊಡ್ಡದು ಮಾಡಿದರೂ ನಡೆಯುತ್ತದೆ, ಚೀಲ ಹಿಡಿದ ಕೈಗೆ ಅದು ಒಪ್ಪುತ್ತದೆ. ಹಲ್ಲುಗಳನ್ನು ಒಂದೊಂದಾಗಿ ಬಿಡಿಸಲೇಬೇಡಿ. ಕಣ್ಣಿನ ಬಿಳಿಗುಡ್ಡೆಯ ಮೇಲ್ಭಾಗಕ್ಕೆ ರೆಪ್ಪೆಯ ನೆರಳು ಬಿಡದಿದ್ದರೆ ಬೆಚ್ಚಿಬಿದ್ದವನ ಹಾಗೆ ಕಾಣುತ್ತಾನೆ.

ತಿರುಗಾಮುರುಗಾ ವಿಷಯ ಇನ್ನೊಂದು ಸಲ. ಬಲಗೈಯಲ್ಲಿ ಹಿಡಿದ ಕಬ್ಬಿಣದ ಕೊಕ್ಕೆ ಅಚ್ಚಿನಲ್ಲಿ ಎಡಗೈಗೆ ಹೋಗುತ್ತದೆ, ಟವೆಲ್ ಇನ್ನೊಂದು ಹೆಗಲಿಗೆ ಹೋಗುತ್ತದೆ. ಟ್ರೇಸಿಂಗ್ ಹಾಳೆಯನ್ನು ಮಗುಚಿ ಹಾಕಿ ಇಳಿಸಿಕೊಳ್ಳಿ. ಇಳಿಸಿದ ಮೇಲೆ ಪರ್ಮನೆಂಟ್ ಮಾರ್ಕರ್‌ನಿಂದ ತಿದ್ದಿ, ನೀರು ಬೆರೆಸಿದ ಕೆಂಪು ಅಕ್ರಿಲಿಕ್ ಬಣ್ಣವನ್ನು ಬ್ಲಾಕಿಗೆ ತೆಳ್ಳಗೆ ಒರೆಸಿದರೆ ಕೊರೆದದ್ದು, ಕೊರೆಯದ್ದು ಕೆಲಸದ ನಡುವೆಯೇ ಕಾಣುತ್ತದೆ.

ಮಸಿ_ರೋಲರ್, ಸಿಂಧನೂರು

ಬ್ಯಾಸಗಿ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನೀರಿನ ಮಸಿ ಆದ್ರ ಏಪ್ರಿಲ್, ಮೇದಾಗ ಮರತುಬಿಡ್ರಿ. ಈ 30 × 45 ಬ್ಲಾಕಿಗೆ ರೋಲರ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗೋದ್ರಾಗ ಮೊದಲನೇ ತುದಿ ಒಣಗಿರತದ. ಎಣ್ಣಿ ಮಸಿನೇ ಬೇಕು. ಸೆಕಿಗೆ ಅದು ಸಡಲ ಆಗತದ, ಅದಕ್ಕ ಗೆರಿ ಮುಚ್ಚತದ.

ಮಸಿ ಹರಡೋ ಗಾಜಿನ ಹಲಗಿ ಒದ್ದಿ ಗೋಣಿ ಮ್ಯಾಲ ಇಡ್ರಿ, ಮಸಿ ಗಟ್ಟಿ ನಿಲ್ಲತದ. ಆಫ್‌ಸೆಟ್ ಪ್ರೆಸ್ಸಿನ ಕಪ್ಪು ಮಸಿ ನಡೀತದ, ಆದ್ರ ಅದು ಅಂಟು ಜಾಸ್ತಿ, ತೆಳ್ಳನ ಕಾಗದದ ಮೈ ಕಿತ್ತು ಬರತದ. ಒಂದು ಚಮಚ ಮಸಿಗೆ ಕಾಲು ಚಮಚ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಕಲಸಿದ್ರ ಅಂಟೂ ಇಳೀತದ, ಗಟ್ಟಿನೂ ಆಗತದ. ಮಸಿ ಗಟ್ಟಿ ಅದ ಅಂತ ಇನ್ನಷ್ಟು ಅಗಸಿ ಎಣ್ಣಿ ಹಾಕೋದು ಚಳಿಗಾಲದ ಉಪಾಯ, ಈಗ ಹಾಕಿದ್ರ ಕೆಡತದ.

ಹಲಗಿ ಮ್ಯಾಲ ಮಸಿ ತೆಳ್ಳಗ ಹರಡ್ರಿ. ರೋಲರ್ ಉರುಳಿಸಿದಾಗ ಸಣ್ಣಗ ಚರಚರ ಅಂದ್ರ ಸರಿ ಅದ. ಪಚಪಚ ಅಂತು, ಮಸಿ ಮ್ಯಾಲ ಗುಳ್ಳಿ ಗುಳ್ಳಿ ಎದ್ದವು ಅಂದ್ರ ಹೆಚ್ಚಾತು, ಕೆರೆದು ತೆಗೀರಿ. ಬ್ಲಾಕಿಗೆ ಒಂದೇ ಸಲ ದಪ್ಪಗ ಹಚ್ಚಬ್ಯಾಡ್ರಿ. ತೆಳ್ಳಗ ನಾಕೈದು ಸಲ, ಪ್ರತಿ ಸಲ ರೋಲರಿಗೆ ಹೊಸ ಮಸಿ, ದಿಕ್ಕು ಬದಲಿ ಮಾಡಿ. ಮೊದಲ ಎರಡು ಮೂರು ಪ್ರೂಫ್ ಹೆಂಗೂ ತಿಳಿ ಬರತಾವ, ಬ್ಲಾಕ್ ಮಸಿ ಕುಡದ ಮ್ಯಾಲ ಸರಿ ಆಗತದ. ಅವನ್ನ ನೋಡಿ ಗಾಬರಿಯಾಗಿ ಮಸಿ ಹೆಚ್ಚು ಮಾಡಿದ್ರ ಬೆನ್ನಿನ ಸಣ್ಣ ಗೆರಿ ಹೋದವು ಅಂತ ತಿಳ್ಕೋರಿ. ಮುಚ್ಚಿದ ಗೆರಿ ಬಿಡಸಾಕ ಸೂಜಿ ಹಾಕಬ್ಯಾಡ್ರಿ, ಗೋಡಿ ಸೀಳತದ. ಮೆತ್ತನ ಹಲ್ಲಿನ ಬ್ರಷ್ಷಿಗೆ ಒಂದು ಹನಿ ಕುಸುಬಿ ಎಣ್ಣಿ ಹಚ್ಚಿ ಒರಸ್ರಿ, ಆಮ್ಯಾಲ ಬ್ಲಾಕ್ ಪೂರ್ತಿ ಒಣ ಬಟ್ಟಿಲೆ ಒರಸಿ ಮತ್ತ ಮಸಿ ಹಚ್ಚರಿ.

ಅಚ್ಚುಮನೆ, ಗಂಗಾವತಿ

ಕಾಗದ ಯಾವುದು ಅಂತ ಗಂಜ್‌ಗಲ್ಲಿಯವರು ಹೇಳಿಲ್ಲ. ಪ್ರೆಸ್ ಇಲ್ಲದೆ ಕಾಗದದ ಬೆನ್ನನ್ನು ಚಮಚದಲ್ಲಿ ಉಜ್ಜುವುದಾದರೆ 30ರಿಂದ 50 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ನೇಪಾಳಿ ಅಥವಾ ಜಪಾನಿ ಕಾಗದ, ಒಣದೇ ಇರಲಿ. ಕೈಯಿಂದ ಮಾಡಿದ ದಪ್ಪ ಹತ್ತಿ ಕಾಗದ ಚಂದ, ಆದರೆ 200 ಜಿಎಸ್‌ಎಂ ಆದರೆ ಪ್ರೆಸ್ ಬೇಕು, ತುಸು ಒದ್ದೆಯೂ ಮಾಡಬೇಕು. ನಮ್ಮ ಕಡೆಯ ಒಣ ಗಾಳಿಗೆ ಒದ್ದೆ ಹಾಳೆಯ ಅಂಚು ಮೊದಲು ಒಣಗಿ ಸುರುಟಿಕೊಳ್ಳುತ್ತದೆ. ಸ್ಪಂಜಿನಲ್ಲಿ ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯಿಡೀ ಭಾರ ಹೇರಿ ಇಟ್ಟರೆ ಎಲ್ಲ ಕಡೆ ಸಮ ಆಗುತ್ತದೆ.

ಪ್ರೆಸ್ ಇದ್ದವರು ಎಚ್ಚಿಂಗಿಗೆ (ಲೋಹದ ತಗಡಿನ ಅಚ್ಚಿಗೆ) ಹಾಕುವ ಮೆತ್ತನೆ ಉಣ್ಣೆ ಬಟ್ಟೆಗಳನ್ನು ತೆಗೆದು, ಗಟ್ಟಿ ರಟ್ಟು, ನಾಲ್ಕೈದು ನ್ಯೂಸ್‌ಪ್ರಿಂಟ್ ಹಾಕಿ. ಮೆತ್ತೆ ಇದ್ದರೆ ಕಾಗದ ಕೊರೆದ ತಗ್ಗಿಗೆ ಇಳಿದು ಅಲ್ಲಿನ ಮಸಿಯನ್ನೂ ಎತ್ತಿಕೊಂಡು ಬರುತ್ತದೆ. ಬೆನ್ನಿನ ಬಿಳಿ ಜಾಗದಲ್ಲಿ ಬೇಡದ ಗೀರು ಬರುವುದು ಹೆಚ್ಚಾಗಿ ಇದರಿಂದಲೇ. ದೊಡ್ಡ ಬಿಳಿಯನ್ನು 2 ಮಿ.ಮೀ. ಆಳದವರೆಗೆ ತೆಗೆಯಬಹುದು, ಗೆರೆಗಳಿಗೆ 1 ಸಾಕು. ಲಿನೋದ ಹಿಂಬದಿಯ ಸೆಣಬಿನ ಬಟ್ಟೆ ಕಂಡರೆ ಜಾಸ್ತಿಯಾಯಿತು ಎಂದೇ ಲೆಕ್ಕ, ನಾರು ಎದ್ದು ಮಸಿ ಹಿಡಿಯುತ್ತದೆ. ಹಾಗಂತ ಎಲ್ಲ ಗೀರನ್ನೂ ಅಳಿಸಬೇಕಿಲ್ಲ. ಕಟರ್ ಓಡಿದ ಗುರುತು ಚೀಲದ ಸುತ್ತ ನಾಲ್ಕಾರು ಉಳಿದರೆ ಧೂಳು ಎದ್ದಂತೆ ಕಾಣುತ್ತದೆ. ಮೈಮೇಲೆ ಬೇಡ ಅಷ್ಟೆ.

ಲಿನೋ ಕೊಳ್ಳುವಾಗ: ನೆಲಕ್ಕೆ ಹಾಸುವ ಪ್ಲಾಸ್ಟಿಕ್ ಫ್ಲೋರ್ ಮ್ಯಾಟನ್ನು ಲಿನೋ ಎಂದೇ ಮಾರುತ್ತಾರೆ. ನಿಜವಾದ ಲಿನೋ ಅಗಸೆ ಎಣ್ಣೆ, ಕಾರ್ಕ್ ಪುಡಿ, ಮರದ ಹಿಟ್ಟು, ರಾಳ, ಸುಣ್ಣಕಲ್ಲಿನ ಪುಡಿಯಿಂದ ಮಾಡಿದ್ದು. ಮೂಗಿಗೆ ಹಿಡಿದರೆ ಎಣ್ಣೆ ವಾಸನೆ ಬರುತ್ತದೆ, ಅಂಚು ನೋಡಿದರೆ ಮೇಲಿಂದ ಸೆಣಬಿನವರೆಗೆ ಒಂದೇ ಬಣ್ಣ. ಮೆಲ್ಲಗೆ ಬಾಗಿಸಿದಾಗ ಬಿರುಕು ಬಿಟ್ಟರೆ ಹಳೆಯದು. ಎಣ್ಣೆ ಗಾಳಿಗೆ ಗಟ್ಟಿಯಾಗುತ್ತಲೇ ಇರುತ್ತದೆ, ಅಂಥದ್ದರಲ್ಲಿ ಸಣ್ಣ ಗೆರೆ ನಿಲ್ಲುವುದಿಲ್ಲ. ಚಳಿದೇಶದವರು ಲಿನೋ ಮೆತ್ತಗಾಗಲು ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡುತ್ತಾರೆ. ಇಲ್ಲಿ ಮೇ ತಿಂಗಳಲ್ಲಿ ಅದು ಮೊದಲೇ ಅತಿ ಮೆತ್ತಗೆ. ಗೆರೆಯ ಅಂಚು ಹರಿದು ಬರುತ್ತದೆ. ಬೆಳಿಗ್ಗೆ ಕೊರೆದು ಮುಗಿಸಿ. ಸುಣ್ಣಕಲ್ಲಿನ ಪುಡಿ ಇರುವುದರಿಂದ ಮೊನೆ ಬೇಗ ಮೊಂಡಾಗುತ್ತದೆ, ಅರ್ಧ ಗಂಟೆಗೊಮ್ಮೆಯಾದರೂ ಪಾಲಿಷ್ ಪೇಸ್ಟ್ ಹಚ್ಚಿದ ಚರ್ಮದ ಪಟ್ಟಿಗೆ ಮಸೆಯಿರಿ. ಹಿಂದಕ್ಕೆ ಎಳೆದು ಮಸೆಯಬೇಕು, ಮುಂದಕ್ಕೆ ದೂಡಿದರೆ ಚರ್ಮ ಕತ್ತರಿಸುತ್ತದೆ.

ಬಿಳಿಗೆರೆ, ಬಳ್ಳಾರಿ

ಚರ್ಮಕ್ಕೆ ಗೆರೆಯಿಲ್ಲದ ಬೂದು ಬೇಕಾದವರಿಗೆ ಕಾಸ್ಟಿಕ್ ಸೋಡಾದ ದಾರಿಯೂ ಇದೆ. ಕ್ಷಾರಕ್ಕೆ ಲಿನೋದ ಎಣ್ಣೆ ಕರಗಿ ಮೈ ತರಿತರಿಯಾಗುತ್ತದೆ, ಮಸಿ ಹಚ್ಚಿದರೆ ಕಾಳುಕಾಳಾದ ಬೂದು ಬರುತ್ತದೆ. ಬೆವರು, ಧೂಳು ಮೆತ್ತಿದ ಬೆನ್ನಿಗೆ ಬಹಳ ಚಂದ. ಉಳಿಸಬೇಕಾದ ಜಾಗಕ್ಕೆ ಕರಗಿಸಿದ ಮೇಣ ಬಳಿದು, 100 ಮಿ.ಲೀ. ತಣ್ಣೀರಿಗೆ 25 ಗ್ರಾಂ ಸೋಡಾ ಕರಗಿಸಿ, ವಾಲ್‌ಪೇಪರ್ ಅಂಟಿನಿಂದ ಮಂದ ಮಾಡಿ ಬ್ರಷ್ಷಿನಲ್ಲಿ ಹಚ್ಚಿ. ಅದೇ ಲಿನೋದ ತುಂಡಿನ ಮೇಲೆ ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಎಂದು ಪರೀಕ್ಷೆ ಮಾಡಿಟ್ಟುಕೊಳ್ಳಿ. ಸೆಕೆಗೆ ಬೇಗ ತಿನ್ನುತ್ತದೆ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬಳಸಬೇಡಿ, ಅದನ್ನೂ ತಿಂದು ಬೆಂಕಿ ಹತ್ತುವ ಅನಿಲ ಬಿಡುತ್ತದೆ. ಪ್ಲಾಸ್ಟಿಕ್ ಡಬ್ಬಿ, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ. ಬ್ರಷ್ಷು ನೈಲಾನಿನದು ಇರಲಿ, ಕೂದಲಿನದು ಕರಗುತ್ತದೆ. ಕೊನೆಗೆ ಹರಿಯುವ ನೀರಿನಲ್ಲಿ ತೊಳೆದು ವಿನೆಗರ್ ಒರೆಸಿ.

ಉಳಿಮೊನೆ, ಬಳ್ಳಾರಿ

ಅಕ್ಕಾ, ಮಕ್ಕಳಿರೋ ಮನ್ಯಾಗೆ ಇದು ಬೇಡ ಅಂತ ಒಂದು ಮಾತು ಸೇರಿಸ್ರಿ. ಜತೆಗೆ ಇನ್ನೊಂದು: ಅಗಸೆ ಎಣ್ಣೆ ಮಸಿ ಒರೆಸಿದ ಬಟ್ಟೆಗಳನ್ನ ಉಂಡೆ ಕಟ್ಟಿ ಮೂಲೆಗೆ ಒಗೀಬೇಡಿ. ಎಣ್ಣೆ ಒಣಗ್ತಾ ಬಿಸಿ ಹುಟ್ಟುತ್ತೆ, ಉಂಡೆಯೊಳಗಿನ ಬಿಸಿ ಹೊರಕ್ಕೆ ಹೋಗದೆ ತಾನಾಗೇ ಬೆಂಕಿ ಹತ್ತುತ್ತೆ. ನಮ್ಮೂರ ಸೆಕೆಗೆ ಇನ್ನೂ ಬೇಗ. ಬಿಚ್ಚಿ ಹರಡಿ ಒಣಗಿಸಿ, ಇಲ್ಲಾ ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ ಮುಚ್ಚಿ.

ಸೂತ್ರದಾರ, ಕೊಪ್ಪಳ

ಇಷ್ಟು ದೂರ ಬಂದ ಮ್ಯಾಲೆ ಒಂದು ಬ್ಯಾರೆ ದಾರಿ ಹೇಳತೀನಿ. ಒಂದೇ ಚೌಕ ಬ್ಲಾಕ್ ಯಾಕ ಬೇಕು? ತೊಗಲುಗೊಂಬಿ ನೋಡ್ರಿ. ನಮ್ಮ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಾಗ ಪದ್ಮಶ್ರೀ ಬಂತಲ್ಲ, ಆ ಆಟದ ಗೊಂಬಿಗೋಳು. ಮೈ ಒಂದು ತುಂಡು, ತೋಳು ಒಂದು, ಮುಂಗೈ ಒಂದು, ದಾರ ಹಾಕಿ ಕೀಲು ಕಟ್ಟಿರತಾರ. ತೊಗಲಿನ್ಯಾಗ ತೂತು ಹೊಡೆದ ಕಡೆ ಬೆಳಕು ಬರತೈತಿ, ನಮ್ಮ ಕೊರತದ್ದೂ ಅದೇ ಕೆಲಸ.

ಲಿನೋನೂ ಹಂಗ ಕೀಲಿಗೆ ಕತ್ತರಿಸಬಹುದು. ರುಂಡ, ಮುಂಡ, ತೋಳು, ಚೀಲ ಬ್ಯಾರೆ ಬ್ಯಾರೆ ತುಂಡು. ಒಂದೊಂದಕ್ಕೂ ಬ್ಯಾರೆ ಮಸಿ ಹಚ್ಚಿ ಮತ್ತ ಜೋಡಿಸಿ ಒಮ್ಮೆಗೇ ಅಚ್ಚು ತೆಗೀಬಹುದು. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಖ್ 1890ರ ದಶಕದಾಗ ಮರದ ಅಚ್ಚಿನ್ಯಾಗ ಮಾಡಿದ್ದು ಇದನ್ನ. ಅದಕ್ಕಿಂತ ಮುಂದ ಹೋಗ್ರಿ: ತುಂಡುಗಳನ್ನ ಸರಿಸಿ ಇಟ್ರ ಅದೇ ಮೈ ಒಮ್ಮೆ ಚೀಲ ಹೊತ್ತು ಬಾಗತೈತಿ, ಒಮ್ಮೆ ಇಳಿಸಿ ಕುಂಡರತೈತಿ. ಕತ್ತರಿಸೂದು ಚೂಪು ಬ್ಲೇಡಿನಿಂದ, ಸೆಣಬಿನ ಕಡೆಯಿಂದಲ್ಲ, ಮ್ಯಾಲಿಂದ; ನಾಕೈದು ಸಲ ಹಗುರಕ ಎಳೀರಿ. ಬ್ಲೇಡ್ ನೆಟ್ಟಗ ಹಿಡೀರಿ, ಓರೆಯಾದ್ರ ತುಂಡು ಕೂಡೂದಿಲ್ಲ. ಕೀಲಿನ ಸಂದಿ ಬಿಳಿ ಗೆರಿಯಾಗಿ ಬೀಳತೈತಿ, ಅದನ್ನ ಮುಚ್ಚಾಕ ಹೋಗಬ್ಯಾಡ್ರಿ. ಮೊಣಕೈ, ಮೊಣಕಾಲಿನ ಮಡಿಕಿಗೆ ಸರಿಯಾಗಿ ಕತ್ತರಿಸಿದ್ರ ಅದ ಒಂದು ಗೆರಿ ಕೊಟ್ಟಂಗ.

ಅಚ್ಚುಮನೆ, ಗಂಗಾವತಿ

ತುಂಡು ಮಾಡಿದ ಮೇಲೆ ಮುಂದಿನ ಹೆಜ್ಜೆ ಆಳುದ್ದದ ಅಚ್ಚು. ದಕ್ಷಿಣ ಆಫ್ರಿಕಾದ ಕಲಾವಿದ ವಿಲಿಯಂ ಕೆಂಟ್ರಿಜ್ 2000ದಲ್ಲಿ ಆಳಿಗಿಂತ ಎತ್ತರದ ನಡೆಯುವ ಮನುಷ್ಯನ ಲಿನೋ ಮಾಡಿದ್ದಾರೆ. ಸ್ವೂನ್ ಎಂಬ ಅಮೆರಿಕದ ಕಲಾವಿದೆ ಆಳುದ್ದದ ಬ್ಲಾಕುಗಳಿಂದ ಜನರ ಅಚ್ಚು ತೆಗೆದು ಬೀದಿ ಗೋಡೆಗೆ ಅಂಟಿಸುತ್ತಾರೆ. ಅಷ್ಟು ದೊಡ್ಡದಕ್ಕೆ ಪ್ರೆಸ್ ಬೇಕಿಲ್ಲ. ಬ್ಲಾಕ್ ನೆಲಕ್ಕೆ ಹಾಕಿ, ಮಸಿ ಹಚ್ಚಿ, ಗಂಜಿ ಹೋಗುವಂತೆ ತೊಳೆದು ಇಸ್ತ್ರಿ ಮಾಡಿದ ಮಲ್ ಬಟ್ಟೆ ಹಾಸಿ, ಮೇಲೆ ನ್ಯೂಸ್‌ಪ್ರಿಂಟ್ ಇಟ್ಟು ಬರಿಗಾಲಲ್ಲಿ ಹಿಮ್ಮಡಿ ಊರಿ ನಡೆಯಿರಿ. ಇಬ್ಬರು ಬೇಕು: ಒಬ್ಬರು ಬಟ್ಟೆ ಸರಿಯದಂತೆ ಹಿಡಿಯಲು. ಒಂದು ಮೂಲೆ ಎತ್ತಿ ನೋಡಿ, ತಿಳಿ ಇದ್ದ ಕಡೆ ಚಮಚದಲ್ಲಿ ಉಜ್ಜಿ. ಬಳ್ಳಾರಿಯಲ್ಲಿ ಜೀನ್ಸ್ ತುಂಡುಗಳು ಸಿಗುತ್ತವೆ ಎಂದು ಅದರ ಮೇಲೆ ಒತ್ತುವವರಿದ್ದಾರೆ. ಓರೆ ನೇಯ್ಗೆಯ ಏಣು ಸಣ್ಣ ಗೆರೆಯನ್ನೆಲ್ಲ ನುಂಗುತ್ತದೆ. ಅಗಲ ಕಪ್ಪು ಬಿಳುಪಿನ ಆಕೃತಿಗೆ ಮಾತ್ರ ಸರಿ.

ಗಂಜ್‌ಗಲ್ಲಿ, ರಾಯಚೂರು

ಕೀಲಿನ ವಿಚಾರ ಭಾಳ ಹಿಡಿಸಿತು. ಚೀಲ, ಮುಂಡ, ಹಿಂದಿನ ತೋಳು ಮೂರು ತುಂಡು ಮಾಡತೀನಿ. ಒಂದು ಸಂಶೆ: ತುಂಡು ಸರಿಸಿ ಭಂಗಿ ಬದಲಿ ಮಾಡಿದ್ರ ಎಡಿಷನ್ ನಂಬರ್ (ಒಂದೇ ಚಿತ್ರದ ಪ್ರತಿಗೋಳ ಕ್ರಮಸಂಖ್ಯೆ) ಹೆಂಗ ಹಾಕೋದು?

ಬಿಳಿಗೆರೆ, ಬಳ್ಳಾರಿ

ಭಂಗಿ ಬದಲಾದರೆ ಅದು ಬೇರೆ ಎಡಿಷನ್. ಬಾಗಿದ್ದು ಹನ್ನೆರಡು ತೆಗೆದರೆ 1/12ರಿಂದ 12/12, ಕುಳಿತದ್ದಕ್ಕೆ ಮತ್ತೆ ಒಂದರಿಂದ. ಪ್ರತಿ ಸಲವೂ ತುಂಡು ಬೇರೆ ಬೇರೆ ಇಡುವುದಾದರೆ 1/1 ಎಂದೇ ಬರೆಯಿರಿ. ಪೆನ್ಸಿಲ್‌ನಲ್ಲಿ ಎಡಕ್ಕೆ ಸಂಖ್ಯೆ, ನಡುವೆ ಹೆಸರು, ಬಲಕ್ಕೆ ಸಹಿ. ಮಸಿ ಪೂರ್ತಿ ಒಣಗಲು ಮೂರರಿಂದ ಏಳು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಒಂದರ ಮೇಲೊಂದು ಇಡಬೇಡಿ. ಫ್ಯಾನಿನ ನೇರ ಕೆಳಗೂ ಬೇಡ, ಧೂಳು ಕೂರುತ್ತದೆ.

ಮಸಿ_ರೋಲರ್, ಸಿಂಧನೂರು

ತುಂಡು ಬ್ಲಾಕಿಗೆ ಮಸಿ ಹಚ್ಚುವಾಗ ಸಣ್ಣ ರೋಲರ್ ತಗೋರಿ, 5 ಸೆಂ.ಮೀ.ದು. ದೊಡ್ಡದು ತುಂಡಿನ ಅಂಚಿಗೆ ಜಾರಿ ಪಕ್ಕದ ಗೋಡಿಗೆಲ್ಲಾ ಮಸಿ ಬಳೀತದ, ಜೋಡಿಸಿದಾಗ ಸಂದಿಯಿಂದ ಹೊರಗ ಬರತದ. ಅಂಚು ಬಟ್ಟಿಲೆ ಒರಸಿ ಆಮ್ಯಾಲ ಜೋಡಿಸ್ರಿ.